ನೂಡಲ್ಸ್ ಮುದ್ದೆಯಾಗದಂತೆ ಹುರಿಯುವುದು ಹೇಗೆ?

"ಮನೆಯಲ್ಲಿ ನೂಡಲ್ಸ್ ಮಾಡಿದರೆ ಯಾಕೆ ಮುದ್ದೆಯಾಗುತ್ತೆ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕಾರವಾರ, ಅಂಕೋಲಾ, ಕುಮಟಾದವರೂ ಕೇಳುತ್ತಾರೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದವರೂ ಕೇಳುತ್ತಾರೆ. ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: "ಗಾಡಿಯ ರುಚಿ ಮನೆಯಲ್ಲಿ ಯಾಕೆ ಬರಲ್ಲ?" ಎರಡಕ್ಕೂ ಉತ್ತರ ಹೆಚ್ಚೂಕಡಿಮೆ ಒಂದೇ. ಬಾಣಲೆಯಲ್ಲಿ ನೀರು ಜಾಸ್ತಿ, ಬಿಸಿ ಕಡಿಮೆ.

ನೀರಿನ ಪಸೆ ಇರುವಷ್ಟು ಹೊತ್ತು ತರಕಾರಿಯಾಗಲಿ ನೂಡಲ್ಸ್ ಆಗಲಿ 100 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾಗುವುದಿಲ್ಲ. ಹುರಿದ ಪರಿಮಳ, ಅಂಚಿನ ಕಂದು ಬಣ್ಣ ಸರಿಯಾಗಿ ಬರುವುದು ಸುಮಾರು 140 ಡಿಗ್ರಿ ಆದ ಮೇಲೆ. ಬಾಣಲೆಯ ತಳದಲ್ಲಿ ನೀರು ನಿಂತಿತು ಅಂದರೆ ಅಲ್ಲಿ ನಡೆಯುತ್ತಿರುವುದು ಬೇಯಿಸುವ ಕೆಲಸ. ಒಮ್ಮೆ ಬೆಂದ ನೂಡಲ್ಸನ್ನು ಮತ್ತೊಮ್ಮೆ ಬೇಯಿಸಿದರೆ ಮುದ್ದೆಯಾಗದೆ ಇನ್ನೇನಾಗಬೇಕು? ಯಾವ ಕಂಪನಿಯ ಸಾಸ್, ಯಾವ ಮಸಾಲೆ ಅನ್ನುವುದೆಲ್ಲ ಆಮೇಲಿನ ಮಾತು. ಕೆಳಗೆ ಹೇಳುವ ಹಂತಗಳಲ್ಲಿ ಹೆಚ್ಚಿನವು ನೀರನ್ನು ಹೊರಗಿಡುವ ಉಪಾಯಗಳೇ.

"ಇದು ನಿಜವಾದ ಚೈನೀಸಾ?" ಎಂದು ಕೇಳುವವರಿಗೆ ಒಂದೇ ಮಾತು. ನಾವು ಹಕ್ಕಾ ನೂಡಲ್ಸ್ ಎಂದು ತಿನ್ನುವುದು ಕೋಲ್ಕತ್ತಾದಲ್ಲಿ ನೆಲೆಸಿದ ಚೀನೀಯರ, ಅದರಲ್ಲೂ ಟಾಂಗ್ರಾ ಭಾಗದ ಹಕ್ಕಾ ಜನರ ಕೈಯಲ್ಲಿ ನಮ್ಮ ನಾಲಿಗೆಗೆ ಒಗ್ಗಿಕೊಂಡ ಅಡುಗೆ. ಇಷ್ಟೊಂದು ಹಸಿಮೆಣಸು, ಮೇಲೆ ಕೆಚಪ್, ಇದೆಲ್ಲ ಇಲ್ಲಿನದು. ವಿಧಾನ ಮಾತ್ರ ಚೀನಾದ್ದೇ: ಎಲ್ಲವನ್ನೂ ಮೊದಲೇ ಹೆಚ್ಚಿಟ್ಟುಕೊಂಡು, ದೊಡ್ಡ ಉರಿಯಲ್ಲಿ, ಕೈ ಬಿಡದೆ, ಬೇಗ ಬೇಗ ಹುರಿದು ಇಳಿಸುವುದು.

ಏನೇನು ಬೇಕು

ಈ ಅಳತೆ ಇಬ್ಬರಿಗೆ. ನಾಲ್ಕು ಜನರಿದ್ದರೆ ಅಳತೆ ಎರಡು ಪಟ್ಟು ಮಾಡಿ, ಆದರೆ ಹುರಿಯುವುದನ್ನು ಎರಡು ಸಲ ಮಾಡಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

- ಒಣ ನೂಡಲ್ಸ್: 150 ಗ್ರಾಂ
- ತರಕಾರಿ: ಎಲ್ಲ ಸೇರಿ 200ರಿಂದ 250 ಗ್ರಾಂ. ಕ್ಯಾಬೇಜ್, ಕ್ಯಾರೆಟ್, ಬೀನ್ಸ್, ದೊಣ್ಣೆಮೆಣಸು, ಒಂದು ಈರುಳ್ಳಿ
- ಈರುಳ್ಳಿ ಸೊಪ್ಪು: ಒಂದು ಸಣ್ಣ ಕಟ್ಟು
- ಬೆಳ್ಳುಳ್ಳಿ 6 ಎಸಳು, ಶುಂಠಿ ಒಂದು ಇಂಚು, ಹಸಿಮೆಣಸು 2
- ಎಣ್ಣೆ: ಹುರಿಯಲು 2 ದೊಡ್ಡ ಚಮಚ, ನೂಡಲ್ಸಿಗೆ ಸವರಲು 1 ಸಣ್ಣ ಚಮಚ
- ಸೋಯಾ ಸಾಸ್ 1 ದೊಡ್ಡ ಚಮಚ, ಚಿಲ್ಲಿ ಸಾಸ್ 1 ಸಣ್ಣ ಚಮಚ, ವಿನೆಗರ್ 1 ಸಣ್ಣ ಚಮಚ, ಸಕ್ಕರೆ ಕಾಲು ಚಮಚ, ಕಾಳುಮೆಣಸಿನ ಪುಡಿ ಅರ್ಧ ಚಮಚ

ದೊಡ್ಡ ಚಮಚ ಅಂದರೆ 15 ಮಿಲಿ, ಸಣ್ಣದು 5 ಮಿಲಿ. ಬರೀ ಚಮಚ ಅಂದಲ್ಲಿ ಸಣ್ಣದು. ಊಟದ ಚಮಚದಲ್ಲಿ ಅಂದಾಜು ಮಾಡಿದರೂ ನಡೆಯುತ್ತದೆ. ಸೋಯಾ ಸಾಸ್ ಮಾತ್ರ ಅಳೆದೇ ಹಾಕಿ.

ಈಗ ಇವುಗಳಲ್ಲಿ ಕೆಲವಕ್ಕೆ ಸ್ವಲ್ಪ ವಿವರಣೆ ಬೇಕು.

ನೂಡಲ್ಸ್ ಪೊಟ್ಟಣದ ಮೇಲೆ "ಹಕ್ಕಾ" ಎಂದಿದ್ದರೆ ಅದು ಸಾಮಾನ್ಯವಾಗಿ ಮೈದಾದ ಉದ್ದ ಎಳೆ. ಈ ಅಡುಗೆಗೆ ಅದೇ ಸರಿ. ಮ್ಯಾಗಿಯಂಥ ದಿಢೀರ್ ನೂಡಲ್ಸನ್ನು ಕಾರ್ಖಾನೆಯಲ್ಲೇ ಬೇಯಿಸಿ, ಕರಿದು ಒಣಗಿಸಿರುತ್ತಾರೆ. ಅದರಲ್ಲೂ ಮಾಡಬಹುದು, ಆದರೆ ಕುದಿಯುವ ನೀರಿನಲ್ಲಿ ಒಂದು ನಿಮಿಷ ಸಾಕು. ಅಕ್ಕಿ ನೂಡಲ್ಸ್ ತಂದಿದ್ದರೆ ಕುದಿಸಲೇಬೇಡಿ. ಒಲೆಯಿಂದ ಇಳಿಸಿದ ಬಿಸಿ ನೀರಿನಲ್ಲಿ ನೆನೆಸಿಡಿ, ಎಳೆ ಬಾಗುವಷ್ಟು ಮೆತ್ತಗಾದ ಕೂಡಲೇ ಬಸಿಯಿರಿ. "ಮನೆಯಲ್ಲಿ ಒತ್ತಿದ ಅಕ್ಕಿ ಶ್ಯಾವಿಗೆ ಉಳಿದಿದೆ, ಅದರಲ್ಲಿ ಆಗುತ್ತಾ?" ಎಂದು ಕೇಳುವವರೂ ಇದ್ದಾರೆ. ಆಗುತ್ತೆ. ಎಳೆ ತುಂಡಾಗುತ್ತದೆ, ಬಾಯಿಗೆ ಮೆತ್ತಗೆ ಸಿಗುತ್ತದೆ. ಹಿಂದಿನ ದಿನದ್ದಾಗಿ ಫ್ರಿಜ್ಜಿನಲ್ಲಿ ಗಟ್ಟಿಯಾಗಿದ್ದರೆ ಇನ್ನೂ ಒಳ್ಳೆಯದು. ಆದರೆ ಅದನ್ನು ಒಗ್ಗರಣೆ ಹಾಕಿ ಕಾಯಿತುರಿ, ಲಿಂಬೆ ಜೊತೆ ತಿನ್ನುವ ಸುಖ ಬಿಟ್ಟು ಸೋಯಾ ಸಾಸ್ ಯಾಕೆ ಅನ್ನುವುದು ನನ್ನ ಅಭಿಪ್ರಾಯ.

ಸೋಯಾ ಸಾಸಿನಲ್ಲಿ ಎರಡು ಬಗೆ. ಲೈಟ್ ಎಂದಿರುವುದು ತೆಳು, ತಿಳಿ ಬಣ್ಣ, ಉಪ್ಪಿನ ರುಚಿ ಮುಂದೆ. ಡಾರ್ಕ್ ಎಂದಿರುವುದು ದಪ್ಪ, ಕಪ್ಪು, ಸ್ವಲ್ಪ ಸಿಹಿ, ಬಳಸುವುದು ಮುಖ್ಯವಾಗಿ ಬಣ್ಣಕ್ಕೆ. ಲೈಟ್ ಅಂದರೆ ಉಪ್ಪು ಕಡಿಮೆ ಎಂದು ತಿಳಿದು ಧಾರಾಳವಾಗಿ ಸುರಿಯುವವರಿದ್ದಾರೆ. ಹಾಗೆ ಮಾಡಬೇಡಿ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ 2 ಗ್ರಾಮಿಗಿಂತ ಜಾಸ್ತಿ ಉಪ್ಪು ಇರುತ್ತದೆ. ಒಬ್ಬರಿಗೆ ಇಡೀ ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ ಬಳಿ ಡಾರ್ಕ್ ಮಾತ್ರ ಇದ್ದರೆ 2 ಸಣ್ಣ ಚಮಚ ಹಾಕಿ, ಕಡಿಮೆ ಬಿದ್ದ ಉಪ್ಪನ್ನು ಕೊನೆಯಲ್ಲಿ ಸೇರಿಸಿ. ಗೋಧಿ ಆಗದವರು ಗಮನಿಸಿ: ಮಾಮೂಲಿ ಸೋಯಾ ಸಾಸಿನಲ್ಲಿ ಗೋಧಿಯೂ ಇರುತ್ತದೆ. ಅಕ್ಕಿ ನೂಡಲ್ಸ್ ಬಳಸಿದ ಮಾತ್ರಕ್ಕೆ ಅಡುಗೆ ಗೋಧಿ ಇಲ್ಲದ್ದಾಗುವುದಿಲ್ಲ.

ಎಣ್ಣೆ ವಿಷಯ ಕರಾವಳಿಯವರಿಗೆ ಮುಖ್ಯ. ನಮ್ಮಲ್ಲಿ ಕೈ ಮೊದಲು ಹೋಗುವುದು ತೆಂಗಿನೆಣ್ಣೆಗೆ. ಗಾಣದ ತೆಂಗಿನೆಣ್ಣೆ ಸುಮಾರು 175 ಡಿಗ್ರಿಗೇ ಹೊಗೆ ಬಿಡಲು ಶುರು ಮಾಡುತ್ತದೆ. ರಿಫೈನ್ಡ್ ಶೇಂಗಾ ಅಥವಾ ಸೂರ್ಯಕಾಂತಿ ಎಣ್ಣೆ 225 ಡಿಗ್ರಿ ಆಸುಪಾಸಿನವರೆಗೂ ತಡೆಯುತ್ತದೆ. ದೊಡ್ಡ ಉರಿಯ ಅಡುಗೆಗೆ ಎರಡನೆಯದೇ ಸರಿ. ಅದೂ ಅಲ್ಲದೆ ತೆಂಗಿನೆಣ್ಣೆಯ ವಾಸನೆ ಸೋಯಾ ಸಾಸಿನ ಜೊತೆ ಹೊಂದುವುದಿಲ್ಲ.

ಹುಳಿಗೆ ವಿನೆಗರ್ ಇಲ್ಲದಿದ್ದರೆ ಲಿಂಬೆರಸ ಆಗುತ್ತದೆ. ಮುರುಗಲು, ವಾಟೆ ಹುಳಿ ಬೇಡ. ಅವುಗಳ ಪರಿಮಳ ಬೇರೆ ಎಲ್ಲವನ್ನೂ ನುಂಗಿಬಿಡುತ್ತದೆ. ಕಾಳುಮೆಣಸಿನ ಬಗ್ಗೆ ಶಿರಸಿಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಮನೆಯ ಡಬ್ಬಿಯಲ್ಲಿರುವ ಕಾಳನ್ನೇ ಆಗಿಂದಾಗ್ಗೆ ಕುಟ್ಟಿ ಹಾಕಿ, ಪೊಟ್ಟಣದ ಪುಡಿಯ ಅಗತ್ಯವಿಲ್ಲ.

ಬಾಣಲೆ ಕಬ್ಬಿಣದ್ದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಅಗಲವಾಗಿರಲಿ, ಹಿಡಿ ಇರಲಿ. ನಾನ್‌ಸ್ಟಿಕ್ ಪಾತ್ರೆಯೊಂದೇ ಇದ್ದರೆ ಅದನ್ನು ಖಾಲಿಯಾಗಿ ದೊಡ್ಡ ಉರಿಯಲ್ಲಿ ಕಾಯಿಸಬೇಡಿ. ಅದರ ಲೇಪ ಸುಮಾರು 260 ಡಿಗ್ರಿ ದಾಟಿದರೆ ಕೆಡಲು ಶುರುವಾಗುತ್ತದೆ, ಆ ಹೊಗೆ ಒಳ್ಳೆಯದಲ್ಲ. ಎಣ್ಣೆ ಹಾಕಿಯೇ ಕಾಯಿಸಿ, ಉರಿ ಮಧ್ಯಮಕ್ಕಿಂತ ತುಸು ಮೇಲಿದ್ದರೆ ಸಾಕು. ಇಂಡಕ್ಷನ್ ಒಲೆಯವರು ತಳ ಚಪ್ಪಟೆ ಇರುವ ಬಾಣಲೆ ಬಳಸಿ, ಹುರಿಯುವಾಗ ಅದನ್ನು ಎತ್ತಬೇಡಿ. ಎತ್ತಿದ ಕೂಡಲೇ ಬಿಸಿ ನಿಂತುಹೋಗುತ್ತದೆ.

ಹಂತ 1: ಹೆಚ್ಚಿಡುವುದು

ಒಲೆ ಹಚ್ಚುವ ಮೊದಲು ಎಲ್ಲ ಹೆಚ್ಚಿ ಮುಗಿದಿರಬೇಕು. ಹುರಿಯುವ ಕೆಲಸ ಐದು ನಿಮಿಷದ್ದು. ನಡುವೆ "ಒಂದು ನಿಮಿಷ, ದೊಣ್ಣೆಮೆಣಸು ಹೆಚ್ಚಿಕೊಳ್ತೀನಿ" ಅಂದರೆ ಅಷ್ಟರಲ್ಲಿ ಬೆಳ್ಳುಳ್ಳಿ ಕಪ್ಪಾಗಿರುತ್ತದೆ.

ತರಕಾರಿಯನ್ನು ಹೆಚ್ಚುವ ಮೊದಲೇ ತೊಳೆಯಿರಿ, ಹೆಚ್ಚಿದ ಮೇಲೆ ಬೇಡ. ತೊಳೆದು ಬಟ್ಟೆಯ ಮೇಲೆ ಹರಡಿ ಒರೆಸಿ. ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಘಟ್ಟದ ಮೇಲಿಂದ ಲಾರಿಯಲ್ಲಿ ನೆನೆದು ಬಂದು ಕಾರವಾರದ ಭಾನುವಾರದ ಸಂತೆಯಲ್ಲಿ ಮತ್ತೆ ನೆನೆಯುವ ಕ್ಯಾಬೇಜಿನ ಎಲೆಗಳ ನಡುವೆ ನೀರು ಕೂತಿರುತ್ತದೆ. ಎಲೆ ಬಿಡಿಸಿ, ಕೊಡವಿ, ಒರೆಸಿ, ಆಮೇಲೆ ಹೆಚ್ಚಿ.

ಕ್ಯಾರೆಟ್ ಬೆಂಕಿಕಡ್ಡಿ ಗಾತ್ರಕ್ಕೆ, ಬೀನ್ಸ್ ಓರೆಯಾಗಿ ತೆಳ್ಳಗೆ, ಕ್ಯಾಬೇಜ್ ಮತ್ತು ದೊಣ್ಣೆಮೆಣಸು ಉದ್ದುದ್ದ. ಪಲ್ಯಕ್ಕೆ ಹೆಚ್ಚುವ ಹಾಗೆ ಸಣ್ಣ ಚೌಕ ಮಾಡಿದರೆ ನೂಡಲ್ಸಿನ ಜೊತೆ ಸೇರುವುದಿಲ್ಲ, ಎಲ್ಲ ತಟ್ಟೆಯ ತಳಕ್ಕೆ ಹೋಗಿ ಕೂರುತ್ತದೆ. ಬೆಳ್ಳುಳ್ಳಿ, ಶುಂಠಿಯನ್ನು ಕೈಯಲ್ಲೇ ಸಣ್ಣಗೆ ಕೊಚ್ಚಿ. ಪೇಸ್ಟ್ ಹಾಕಬೇಡಿ. ಪೇಸ್ಟಿನಲ್ಲಿ ನೀರಿರುತ್ತದೆ, ಕಾದ ಬಾಣಲೆಗೆ ಅಂಟಿ ಸೀಯುತ್ತದೆ.

ಈರುಳ್ಳಿಗೆ ಒಂದು ಸೂಚನೆ. ಬೇಸಿಗೆಯಲ್ಲಿ ಕುಮಟಾ ಹತ್ತಿರ ಅಳ್ವೆಕೋಡಿ, ಹಂದಿಗೋಣ ಕಡೆ ಹೆದ್ದಾರಿ ಪಕ್ಕ ಜಡೆ ಹೆಣೆದು ತೂಗಿಬಿಟ್ಟಿರುವ ಸಿಹಿ ಈರುಳ್ಳಿ ತಂದಿದ್ದರೆ ಅದನ್ನು ಸ್ವಲ್ಪ ದಪ್ಪಕ್ಕೆ ಹೆಚ್ಚಿ, ಸಾಸಿನ ಸಕ್ಕರೆ ಬಿಟ್ಟುಬಿಡಿ. ಅದರ ಸಿಹಿಯೇ ಸಾಕು. ಬೇಗ ಕೆಂಪಾಗುತ್ತದೆ, ಕಣ್ಣಿಟ್ಟಿರಿ.

ಟೊಮೆಟೊ ಈ ಅಡುಗೆಗೆ ಬೇಡವೇ ಬೇಡ. ಅಣಬೆ ಹಾಕುವುದಾದರೆ ಬೇರೆಯಾಗಿ ಹುರಿದು, ಅದು ಬಿಡುವ ನೀರೆಲ್ಲ ಆರಿದ ಮೇಲೆ ತೆಗೆದಿಟ್ಟು ಕೊನೆಯಲ್ಲಿ ಸೇರಿಸಿ.

ಹಂತ 2: ಬೇಯಿಸುವುದು

150 ಗ್ರಾಂ ನೂಡಲ್ಸಿಗೆ ಕಡಿಮೆ ಅಂದರೂ ಒಂದೂವರೆ ಲೀಟರ್ ನೀರು ಇಡಿ. ಕಡಿಮೆ ನೀರಿನಲ್ಲಿ ಬೇಯಿಸಿದರೆ ಎಳೆಯಿಂದ ಬಿಟ್ಟ ಹಿಟ್ಟು ಗಂಜಿಯಾಗಿ ಎಳೆಗೇ ಮೆತ್ತಿಕೊಳ್ಳುತ್ತದೆ. ನೀರು ಗಳಗಳ ಕುದಿಯುವಾಗ ಒಂದು ಚಮಚ ಉಪ್ಪು ಹಾಕಿ, ನೂಡಲ್ಸ್ ಇಳಿಸಿ. ಮುರಿಯಬೇಡಿ. ಒಂದು ನಿಮಿಷಕ್ಕೆ ತಾನೇ ಬಾಗುತ್ತದೆ, ಆಗ ಫೋರ್ಕಿನಲ್ಲಿ ಎಳೆ ಬಿಡಿಸಿ.

ಎಷ್ಟು ಹೊತ್ತು ಬೇಯಿಸಬೇಕು ಅನ್ನುವಲ್ಲೇ ಹೆಚ್ಚಿನವರು ಎಡವುವುದು. ಪೊಟ್ಟಣದ ಮೇಲೆ ಬರೆದ ಸಮಯಕ್ಕಿಂತ ಒಂದು ನಿಮಿಷ ಮೊದಲೇ ಒಂದು ಎಳೆ ತೆಗೆದು ಕಚ್ಚಿ ನೋಡಿ. ಹೊರಗೆ ಮೆತ್ತಗೆ, ನಡುವೆ ಒಂದಿಷ್ಟು ಗಟ್ಟಿ ಸಿಗಬೇಕು. ಅಲ್ಲಿಗೆ ನಿಲ್ಲಿಸಿ. ಉಳಿದದ್ದು ಬಾಣಲೆಯಲ್ಲಿ ಬೇಯುತ್ತದೆ. ಈಗಲೇ ತಿನ್ನಲು ಸರಿಯಾಗಿದೆ ಅನ್ನಿಸಿತು ಅಂದರೆ ಹುರಿಯಲು ತಡವಾಯಿತು ಎಂದೇ ಅರ್ಥ. ಗಡಿಯಾರ ನಂಬಬೇಡಿ, ಹಲ್ಲನ್ನು ನಂಬಿ.

ಕುದಿಯುವ ನೀರಿಗೆ ಎಣ್ಣೆ ಹಾಕುವ ರೂಢಿ ಬಹಳ ಮನೆಗಳಲ್ಲಿದೆ. ಎಣ್ಣೆ ನೀರಿನ ಮೇಲೆ ತೇಲುತ್ತದೆಯೇ ಹೊರತು ಎಳೆಗೆ ಹತ್ತುವುದಿಲ್ಲ. ಸುಮ್ನೆ ದಂಡ.

ಹಂತ 3: ಬಸಿದು ಆರಿಸುವುದು

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ.

ಬೆಂದ ನೂಡಲ್ಸನ್ನು ತೂತಿನ ಪಾತ್ರೆಗೆ ಬಸಿದು, ಕೂಡಲೇ ನಲ್ಲಿಯ ತಣ್ಣೀರು ಬಿಡಿ. ಕೈಯಾಡಿಸುತ್ತ ತೊಳೆಯಿರಿ. ಇದರಿಂದ ಎರಡು ಕೆಲಸ ಆಗುತ್ತದೆ: ಬೇಯುವುದು ಅಲ್ಲಿಗೇ ನಿಲ್ಲುತ್ತದೆ, ಮೈಮೇಲಿನ ಅಂಟು ಹಿಟ್ಟು ಹೋಗುತ್ತದೆ. ಬಸಿದ ಗಂಜಿಯನ್ನು ಚೆಲ್ಲಲು ನಮ್ಮ ಕಡೆಯವರಿಗೆ ಮನಸ್ಸು ಬರುವುದಿಲ್ಲ, ನಿಜ. ಮೈದಾದ ಈ ಗಂಜಿಯನ್ನು ಚೆಲ್ಲಬಹುದು.

ಆಮೇಲೆ ಪಾತ್ರೆಯನ್ನು ಚೆನ್ನಾಗಿ ಕೊಡವಿ, ಐದು ನಿಮಿಷ ಹಾಗೇ ಬಿಡಿ. ಅನಂತರ ಅಗಲವಾದ ತಟ್ಟೆಯಲ್ಲೋ ಹರಿವಾಣದಲ್ಲೋ ತೆಳ್ಳಗೆ ಹರಡಿ, ಒಂದು ಸಣ್ಣ ಚಮಚ ಎಣ್ಣೆ ಹಾಕಿ ಕೈಯಲ್ಲೇ ಸವರಿ. ಎಣ್ಣೆ ಇದಕ್ಕಿಂತ ಜಾಸ್ತಿಯಾದರೆ ಸಾಸ್ ಎಳೆಗೆ ಹಿಡಿಯದೆ ಜಾರುತ್ತದೆ. ಫ್ಯಾನಿನ ಕೆಳಗೆ 20 ನಿಮಿಷ ಇಡಿ. ಮುಟ್ಟಿದರೆ ಕೈಗೆ ನೀರು ಹತ್ತಬಾರದು, ಎಳೆಗಳು ಒಂದನ್ನೊಂದು ಬಿಟ್ಟಿರಬೇಕು.

ಜೂನ್, ಜುಲೈ ತಿಂಗಳಲ್ಲಿ ಕರಾವಳಿಯ ಗಾಳಿಯಲ್ಲಿ ಇದು 20 ನಿಮಿಷಕ್ಕೆ ಆರುವುದಿಲ್ಲ. ಬಟ್ಟೆಯೇ ಒಣಗದ ಕಾಲದಲ್ಲಿ ನೂಡಲ್ಸ್ ಹೇಗೆ ಒಣಗಬೇಕು, ಅಲ್ವಾ? ಆಗ ಸುಲಭದ ದಾರಿ ಫ್ರಿಜ್. ಹರಡಿದ ತಟ್ಟೆಯನ್ನು ಮುಚ್ಚದೆ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಅಲ್ಲಿನ ಗಾಳಿ ಒಣಗಿರುತ್ತದೆ, ಮೇಲಿನ ಪಸೆ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಬೇಯಿಸಿ ಫ್ರಿಜ್ಜಿನಲ್ಲಿಟ್ಟು ಸಂಜೆ ಹುರಿದರೂ ಆಗುತ್ತದೆ. ಗಾಡಿಯವರೂ ನೂಡಲ್ಸನ್ನು ಮೊದಲೇ ಬೇಯಿಸಿ ಆರಿಸಿಟ್ಟುಕೊಂಡಿರುತ್ತಾರೆ. ಅವರ ರುಚಿಯ ಅರ್ಧ ಗುಟ್ಟು ಅದೇ, ಇನ್ನರ್ಧ ಅವರ ಒಲೆಯ ಉರಿ.

ಹಂತ 4: ಸಾಸ್ ಬೆರೆಸಿಡುವುದು

ಸೋಯಾ ಸಾಸ್, ಚಿಲ್ಲಿ ಸಾಸ್, ಸಕ್ಕರೆ, ಕಾಳುಮೆಣಸು ಒಂದು ಬಟ್ಟಲಲ್ಲಿ ಬೆರೆಸಿ ಒಲೆ ಪಕ್ಕ ಇಡಿ. ವಿನೆಗರ್ ಬೇರೆ ಇರಲಿ, ಅದು ಕೊನೆಗೆ. ಕಾರ್ನ್‌ಫ್ಲೋರ್, ಅಂದರೆ ಮೆಕ್ಕೆಜೋಳದ ನುಣುಪು ಹಿಟ್ಟು, ಗ್ರೇವಿ ದಪ್ಪ ಮಾಡಲು ಹಾಕುವಂಥದ್ದು. ಒಣ ನೂಡಲ್ಸಿನ ಸಾಸಿಗೆ ಅದು ಬೇಡ.

ಹಂತ 5: ಬಾಣಲೆ ಕಾಯಿಸುವುದು

ಒಲೆಯ ದೊಡ್ಡ ಬರ್ನರ್ ಮೇಲೆ ಕಬ್ಬಿಣದ ಬಾಣಲೆ ಇಟ್ಟು ಪೂರ್ತಿ ಉರಿಯಲ್ಲಿ ಎರಡು ನಿಮಿಷ ಕಾಯಿಸಿ. ಒಂದು ಹನಿ ನೀರು ಹಾಕಿದರೆ ಅದು ನಿಲ್ಲದೆ ಉರುಳಾಡಿ ಮಾಯವಾಗಬೇಕು. ಹನಿ ಪೂರ್ತಿ ಆರಿದ ಮೇಲೆ ಎಣ್ಣೆ ಹಾಕಿ, ಬಾಣಲೆ ತಿರುಗಿಸಿ ಸುತ್ತಲೂ ಹರಡಿ. ಹೊಗೆ ಸಣ್ಣಗೆ ಏಳಲು ಶುರುವಾಗುವ ಹೊತ್ತಿಗೆ ಮುಂದಿನ ಹಂತಕ್ಕೆ ಹೋಗಿ. ದಟ್ಟ ಹೊಗೆ ಬರುವ ತನಕ ಕಾಯಬೇಡಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಒಲೆ ಆರಿಸಿ, ಮುಚ್ಚಳ ಮುಚ್ಚಿ, ತಣ್ಣಗಾಗುವವರೆಗೆ ಹಾಗೇ ಬಿಡಿ. ಆ ಮುಚ್ಚಳ ಮೊದಲೇ ಕೈಗೆ ಸಿಗುವಲ್ಲಿ ಇರಲಿ.

ಸಂಜೆ ಕಡಲ ಗಾಳಿ ಬೀಸುವ ಮನೆಗಳಲ್ಲಿ ಒಲೆಯ ನೇರಕ್ಕಿರುವ ಕಿಟಕಿ ತೆರೆದಿದ್ದರೆ ಉರಿ ಒಂದು ಬದಿಗೆ ಹಾರುತ್ತದೆ, ಬಾಣಲೆ ಕಾಯುವುದೇ ಇಲ್ಲ. ಆ ಕಿಟಕಿ ಮುಚ್ಚಿ, ಬೇರೆ ಬದಿಯದು ತೆರೆಯಿರಿ. ಎಕ್ಸಾಸ್ಟ್ ಫ್ಯಾನ್ ಇದ್ದರೆ ಹಾಕಿ. ಹೊಗೆ, ಮೆಣಸಿನ ಘಾಟು ಬಂದೇ ಬರುತ್ತದೆ.

ಹಂತ 6: ಹುರಿಯುವುದು

ಇಲ್ಲಿಂದ ಉರಿ ಸಣ್ಣದು ಮಾಡುವ ಹಾಗಿಲ್ಲ, ಫೋನ್ ಎತ್ತುವ ಹಾಗೂ ಇಲ್ಲ. ಅನುಕ್ರಮ ಹೀಗೆ:

1. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ಹಾಕಿ ಹತ್ತು ಹದಿನೈದು ಸೆಕೆಂಡ್ ಮಾತ್ರ. ಘಮ್ಮೆಂದ ಕೂಡಲೇ ಮುಂದಕ್ಕೆ. ಬೆಳ್ಳುಳ್ಳಿ ಕಪ್ಪಾದರೆ ಇಡೀ ಅಡುಗೆ ಕಹಿ. ಆಗ ಅದನ್ನು ಚೆಲ್ಲಿ, ಬಾಣಲೆ ಒರೆಸಿ ಮತ್ತೆ ಶುರು ಮಾಡುವುದೇ ಒಳ್ಳೆಯದು. ಹೋಗುವುದು ಆರು ಎಸಳು ಬೆಳ್ಳುಳ್ಳಿ ಮಾತ್ರ.

2. ಈರುಳ್ಳಿ ಹಾಕಿ ಅರ್ಧ ನಿಮಿಷ.

3. ಕ್ಯಾರೆಟ್, ಬೀನ್ಸ್ ಹಾಕಿ ಒಂದು ನಿಮಿಷ. ಇವು ಗಟ್ಟಿ, ಹಾಗಾಗಿ ಮೊದಲು.

4. ಕ್ಯಾಬೇಜ್, ದೊಣ್ಣೆಮೆಣಸು ಹಾಕಿ ಇನ್ನೊಂದು ನಿಮಿಷ. ಬಣ್ಣ ಹೊಳೆಯಬೇಕು, ಕಚ್ಚಿದರೆ ಕರುಂ ಅನ್ನಬೇಕು. ಈ ಹೊತ್ತಿನಲ್ಲಿ ಉಪ್ಪು ಹಾಕಬೇಡಿ. ಉಪ್ಪು ತರಕಾರಿಯ ನೀರನ್ನು ಹೊರಗೆಳೆಯುತ್ತದೆ. ಮುಚ್ಚಳವನ್ನೂ ಮುಚ್ಚಬೇಡಿ. ಪಲ್ಯ ಮಾಡುವ ಕೈ ತಾನಾಗಿಯೇ ಎರಡನ್ನೂ ಮಾಡಿಬಿಡುತ್ತದೆ, ಸ್ವಲ್ಪ ತಡೆಯಿರಿ.

5. ನೂಡಲ್ಸ್ ಹಾಕಿ. ಹಾಕಿದ ಕೂಡಲೇ ಕಲಕಬೇಡಿ. ಇಪ್ಪತ್ತು ಮೂವತ್ತು ಸೆಕೆಂಡ್ ತಳಕ್ಕೆ ತಾಗಿ ಕೂರಲು ಬಿಡಿ, ಆಗಲೇ ಅಲ್ಲಲ್ಲಿ ಕಂದು ಬಣ್ಣ ಬರುವುದು. ಆಮೇಲೆ ಇಕ್ಕಳದಿಂದಲೋ ಎರಡು ಸಟ್ಟುಗದಿಂದಲೋ ಕೆಳಗಿನಿಂದ ಮೇಲಕ್ಕೆ ಎತ್ತಿ ಬಿಡಿ. ಒಂದೇ ಸೌಟಿನಿಂದ ಗಿರಗಿರ ತಿರುವಿದರೆ ಎಳೆ ತುಂಡಾಗುತ್ತದೆ.

6. ಬೆರೆಸಿಟ್ಟ ಸಾಸನ್ನು ನೂಡಲ್ಸಿನ ಮೇಲೆ ಸುರಿಯಬೇಡಿ. ಬಾಣಲೆಯ ಬಿಸಿ ಅಂಚಿನ ಮೇಲೆ ಸುತ್ತಲೂ ಇಳಿಬಿಡಿ. ಚುಂಯ್ ಎಂದು ಅಲ್ಲೇ ಅರ್ಧ ಆರಿ, ಸುಟ್ಟ ಪರಿಮಳ ಹಿಡಿದು ಕೆಳಗಿಳಿಯುತ್ತದೆ. ಒಂದು ನಿಮಿಷ ಎತ್ತಿ ಎತ್ತಿ ಹೊರಳಿಸಿ.

7. ಒಲೆ ಆರಿಸಿ. ವಿನೆಗರ್ ಚಿಮುಕಿಸಿ, ಈರುಳ್ಳಿ ಸೊಪ್ಪು ಉದುರಿಸಿ, ಒಂದು ಸಲ ಹೊರಳಿಸಿ. ಈಗ ರುಚಿ ನೋಡಿ, ಬೇಕಿದ್ದರೆ ಮಾತ್ರ ಉಪ್ಪು. ವಿನೆಗರ್ ಮೊದಲೇ ಹಾಕಿದರೆ ಅದರ ಹುಳಿ ಬಿಸಿಗೆ ಹಾರಿಹೋಗುತ್ತದೆ.

ಇನ್ನು ನಾಲ್ಕು ಜನರದ್ದನ್ನು ಒಟ್ಟಿಗೆ ಹುರಿಯಬೇಡಿ ಅಂದೆನಲ್ಲ, ಕಾರಣ ಇಷ್ಟೇ. ಮನೆಯ ಗ್ಯಾಸ್ ಒಲೆಗೆ ಕೊಡಲು ಸಾಧ್ಯವಿರುವ ಬಿಸಿಗೆ ಮಿತಿ ಇದೆ. ನಾಲ್ವರಿಗಾಗುವಷ್ಟು ತಣ್ಣಗಿನ ನೂಡಲ್ಸ್, ಅರ್ಧ ಕಿಲೋ ತರಕಾರಿ ಒಟ್ಟಿಗೆ ಬಿದ್ದರೆ ಬಾಣಲೆ ತಣ್ಣಗಾಗುತ್ತದೆ, ತರಕಾರಿ ನೀರು ಬಿಡುತ್ತದೆ, ಆ ನೀರು ಆರುವ ಹೊತ್ತಿಗೆ ನೂಡಲ್ಸ್ ಕಣಕವಾಗಿರುತ್ತದೆ. ನೆಂಟರು ಬಂದಾಗ ಸಾಸನ್ನು ಎರಡು ಮೂರು ಬಟ್ಟಲಲ್ಲಿ ಮೊದಲೇ ಬೇರೆ ಮಾಡಿಟ್ಟು, ಒಂದಾದ ಮೇಲೊಂದು ಸರದಿ ಹುರಿಯಿರಿ. ಪ್ರತಿ ಸರದಿಗೂ ಐದೇ ನಿಮಿಷ.

ಸಿಗಡಿ, ಮೊಟ್ಟೆ, ಕೋಳಿ

ಕಾರವಾರದಲ್ಲಿದ್ದು ಸಿಗಡಿ ಹಾಕದಿದ್ದರೆ ಹೇಗೆ? ಶೆಟ್ಲಿ ಎನ್ನಿ, ಸುಂಗಟ ಎನ್ನಿ, ಮಧ್ಯಮ ಗಾತ್ರದ್ದು 150 ಗ್ರಾಂ ಸಾಕು. ಸಿಪ್ಪೆ ತೆಗೆದು, ಬೆನ್ನು ಸೀಳಿ ಕಪ್ಪು ನರ ಎಳೆದು, ತೊಳೆದು ಒರೆಸಿ. ಚಿಟಿಕೆ ಉಪ್ಪು, ಕಾಳುಮೆಣಸು, ಒಂದು ಸಣ್ಣ ಚಮಚ ಕಾರ್ನ್‌ಫ್ಲೋರ್ ಸವರಿ ಹತ್ತು ನಿಮಿಷ ಇಡಿ. ಬೆಳ್ಳುಳ್ಳಿ ಹಾಕುವ ಮೊದಲೇ ಬಾಣಲೆಯಲ್ಲಿ ಒಂದೊಂದು ಬದಿ ಒಂದೊಂದು ನಿಮಿಷ ಹುರಿದು ತಟ್ಟೆಗೆ ತೆಗೆಯಿರಿ. ಕೊನೆಯಲ್ಲಿ ಸಾಸ್ ಜೊತೆ ವಾಪಸ್ ಹಾಕಿ. ಬೆಂದ ಸಿಗಡಿ ಅರ್ಧ ಬಾಗಿರುತ್ತದೆ, ಮೈ ಕೆಂಪು ಬಿಳಿ ಆಗಿರುತ್ತದೆ. ಪೂರ್ತಿ ಸುತ್ತಿಕೊಂಡು ಉಂಗುರವಾಯಿತು ಅಂದರೆ ಜಾಸ್ತಿ ಬೆಂದು ರಬ್ಬರ್ ಆಗಿದೆ. ಸಾರಿನಲ್ಲಿ ಕುದಿಸಿ ರೂಢಿಯಾದ ಕೈಗೆ ಎರಡು ನಿಮಿಷ ಬಹಳ ಕಡಿಮೆ ಅನ್ನಿಸುತ್ತದೆ, ಆದರೆ ಅಷ್ಟೇ ಸಾಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವ ಕಾಲದಲ್ಲಿ ಮಾರುಕಟ್ಟೆಯಲ್ಲಿ ಮಂಜುಗಡ್ಡೆಯಲ್ಲಿಟ್ಟ ಸಿಗಡಿಯೇ ಹೆಚ್ಚು. ಅದನ್ನು ಪೂರ್ತಿ ಕರಗಿಸಿ, ಹಿಂಡದೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಇಲ್ಲದಿದ್ದರೆ ಅದೊಂದೇ ಬಾಣಲೆಯನ್ನು ಕೆರೆ ಮಾಡುತ್ತದೆ. ಮಾರುವವರು ತಾಜಾ ಎಂದರೂ ಮೂಸಿ ನೋಡಿ. ಅಮೋನಿಯದ ಘಾಟು ಬಂದರೆ ಬಿಟ್ಟು ಬನ್ನಿ.

ಮೊಟ್ಟೆಯಾದರೆ ಎರಡು ಒಡೆದು ಬೇರೆಯಾಗಿ ಕಲಕಿ ಹುರಿದು ತೆಗೆದಿಡಿ, ಕೊನೆಗೆ ಸೇರಿಸಿ. ಕೋಳಿಯನ್ನು ಎಲುಬಿಲ್ಲದ್ದು ತಂದು ತೆಳು ಪಟ್ಟಿಗಳಾಗಿ ಕೊಯ್ದು ಸಿಗಡಿಯ ಹಾಗೇ ಕಾರ್ನ್‌ಫ್ಲೋರ್ ಸವರಿ, ಒಳಗೆ ಕೆಂಪು ಕಾಣದಷ್ಟು ಪೂರ್ತಿ ಹುರಿಯಿರಿ. ಪನೀರ್ ಕೂಡ ಬೇರೆಯಾಗಿಯೇ.

ಈರುಳ್ಳಿ, ಬೆಳ್ಳುಳ್ಳಿ ಬಳಸದ ಮನೆಗಳಿಂದ, ಮುಖ್ಯವಾಗಿ ಶಿರಸಿ, ಸಿದ್ದಾಪುರ ಕಡೆಯಿಂದ ಬರುವ ಪ್ರಶ್ನೆ: ಅವಿಲ್ಲದೆ ರುಚಿ ಬರುತ್ತಾ? ಬರುತ್ತೆ. ಶುಂಠಿ ಎರಡು ಪಟ್ಟು ಮಾಡಿ, ಕಾಳುಮೆಣಸು ತುಸು ಜಾಸ್ತಿ ಹಾಕಿ, ಕ್ಯಾಬೇಜಿನ ಒಂದು ಪಾಲನ್ನು ಮೊದಲೇ ಹಾಕಿ ಅಂಚು ಕಂದಾಗುವವರೆಗೆ ಹುರಿಯಿರಿ. ಈರುಳ್ಳಿ ಕೊಡುವ ಸಿಹಿಯನ್ನು ಹುರಿದ ಕ್ಯಾಬೇಜ್ ಕೊಡುತ್ತದೆ. ಬಾಟಲಿ ಸಾಸುಗಳಲ್ಲಿ, ಅದರಲ್ಲೂ ಚಿಲ್ಲಿ ಸಾಸ್ ಮತ್ತು ಶೆಜ್ವಾನ್ ಚಟ್ನಿಯಲ್ಲಿ ಬೆಳ್ಳುಳ್ಳಿ ಇರುವುದು ಮಾಮೂಲು. ಪಾಲಿಸುವವರು ಹಿಂದಿನ ಪಟ್ಟಿ ಓದಿಯೇ ಕೊಳ್ಳಿ. ಇಲ್ಲವಾದರೆ ಒಣಮೆಣಸು ನೆನೆಸಿ ರುಬ್ಬಿ ಅರ್ಧ ಚಮಚ ಹಾಕಿ. ಬ್ಯಾಡಗಿ ಮೆಣಸಾದರೆ ಬಣ್ಣವೂ ಬರುತ್ತದೆ.

ಅಜಿನೊಮೊಟೊ ಮತ್ತು ಬಣ್ಣ

ಅಜಿನೊಮೊಟೊ ಒಂದು ಕಂಪನಿಯ ಹೆಸರು, ರುಚಿ ಹೆಚ್ಚಿಸಲು ಹಾಕುವ ಆ ಪುಡಿಯ ಹೆಸರು ಮೋನೊಸೋಡಿಯಂ ಗ್ಲುಟಾಮೇಟ್. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಎಂಬ ರಸಾಯನ ವಿಜ್ಞಾನಿ ಕಡಲಪಾಚಿಯ ಸಾರಿನಿಂದ ಈ ರುಚಿಯ ಮೂಲವನ್ನು ಬೇರ್ಪಡಿಸಿದರು. ಟೊಮೆಟೊದಲ್ಲಿ, ಸೋಯಾ ಸಾಸಿನಲ್ಲಿ ಗ್ಲುಟಾಮೇಟ್ ತಾನಾಗಿಯೇ ಇದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದನ್ನು ಸಾಮಾನ್ಯ ಬಳಕೆಗೆ ಸುರಕ್ಷಿತ ಎಂದೇ ಪರಿಗಣಿಸಿದೆ. ವಿಷ ಎಂದು ಹೆದರುವ ಅಗತ್ಯ ನನಗೆ ಕಾಣುವುದಿಲ್ಲ. ಹಾಗೆಂದು ಬೇಕೇ ಬೇಕು ಅಂತಲೂ ಇಲ್ಲ. ಹಾಕುವುದಾದರೆ ಇಬ್ಬರ ಅಳತೆಗೆ ಒಂದು ಚಿಟಿಕೆ, ಅಷ್ಟರ ಮಟ್ಟಿಗೆ ಉಪ್ಪು ಕಡಿಮೆ. ತಿಂದರೆ ತಲೆನೋವು ಬರುತ್ತದೆ ಅನ್ನುವವರು ಬಿಟ್ಟುಬಿಡಿ, ಸೋಯಾ ಸಾಸಿನ ರುಚಿಯೇ ಸಾಕಾಗುತ್ತದೆ.

ಕೆಂಪು ಬಣ್ಣದ ಪುಡಿಯ ವಿಷಯದಲ್ಲಿ ಮಾತ್ರ ನನ್ನ ಉತ್ತರ ನೇರ: ಹಾಕಬೇಡಿ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ನೂಡಲ್ಸಿಗಾದರೂ ಆ ಬಣ್ಣ ಯಾಕೆ ಬೇಕು? ಗಾಢ ಬಣ್ಣ ಬೇಕಿದ್ದರೆ ಅರ್ಧ ಚಮಚ ಡಾರ್ಕ್ ಸೋಯಾ ಹಾಕಿ.

ಕೆಟ್ಟರೆ ಸರಿಮಾಡುವುದು

ಬಾಣಲೆಯಲ್ಲಿ ನೀರು ಕಂಡಿತೇ? ನೂಡಲ್ಸ್ ಇನ್ನೂ ಹಾಕಿಲ್ಲವಾದರೆ ತರಕಾರಿಯನ್ನು ಅಂಚಿಗೆ ತಳ್ಳಿ, ನಡುವೆ ನೀರು ಆರುವ ತನಕ ಕಾಯಿರಿ. ನೂಡಲ್ಸ್ ಹಾಕಿಯಾಗಿದ್ದರೆ ಅರ್ಧ ಭಾಗವನ್ನು ತಟ್ಟೆಗೆ ತೆಗೆದು, ಉಳಿದರ್ಧ ಹುರಿಯಿರಿ.

ಉಪ್ಪು ಜಾಸ್ತಿಯಾಯಿತೇ? ನೀರು ಹಾಕಬೇಡಿ. ಬೇರೆಯಾಗಿ ಒಂದು ಹಿಡಿ ಕ್ಯಾಬೇಜ್ ಹುರಿದು ಬೆರೆಸಿ, ಅಥವಾ ಉಪ್ಪಿಲ್ಲದೆ ಹುರಿದ ಮೊಟ್ಟೆ.

ಆರಿಸಿಟ್ಟ ನೂಡಲ್ಸ್ ಗಟ್ಟಿ ಉಂಡೆಯಾಗಿದ್ದರೆ ಬಲವಂತವಾಗಿ ಎಳೆಯಬೇಡಿ. ಬಿಸಿ ನೀರಿನಲ್ಲಿ ಐದು ಸೆಕೆಂಡ್ ಅದ್ದಿ ತೆಗೆದು, ಬಿಡಿಸಿ, ಮತ್ತೆ ಆರಿಸಿ. ಪೂರ್ತಿ ಬೆಂದು ಮೆತ್ತಗಾದ ನೂಡಲ್ಸನ್ನು ಮಾತ್ರ ಹಿಂದಕ್ಕೆ ತರಲು ಆಗುವುದಿಲ್ಲ. ಅದಕ್ಕೆ ಎರಡು ಲೋಟ ನೀರು, ಇನ್ನಷ್ಟು ತರಕಾರಿ ಹಾಕಿ ಸೂಪ್ ಮಾಡಿ. ಮಳೆಗಾಲದ ಸಂಜೆಗೆ ಅದೂ ಬೇಡವಾಗುವುದಿಲ್ಲ.

ಉಳಿದರೆ, ಡಬ್ಬಿಗೆ ಹಾಕುವುದಾದರೆ

ಬೆಂದ ನೂಡಲ್ಸನ್ನು ನಮ್ಮ ಸೆಕೆಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ. ಅನ್ನ, ನೂಡಲ್ಸಿನಂಥ ಪದಾರ್ಥದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಮರುದಿನವೇ ಮುಗಿಸಿ. ಬಿಸಿ ಮಾಡಲು ಮತ್ತೆ ಬಾಣಲೆಯೇ ಒಳ್ಳೆಯದು, ಅರ್ಧ ಚಮಚ ಎಣ್ಣೆ ಸಾಕು. ಸಿಗಡಿ ಹಾಕಿದ್ದನ್ನು ಮಾತ್ರ ಉಳಿಸಿಕೊಳ್ಳದಿರುವುದೇ ಲೇಸು.

ಮಕ್ಕಳ ಶಾಲೆ ಡಬ್ಬಿಗೂ ಇದೇ ಎರಡು ಗಂಟೆಯ ಲೆಕ್ಕ. ತುಂಬುವಾಗ ಬಿಸಿ ಬಿಸಿ ಹಾಕಿ ಮುಚ್ಚಳ ಒತ್ತಬೇಡಿ. ಒಳಗಿನ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಕೆಳಗಿಳಿಯುತ್ತದೆ, ಡಬ್ಬಿ ತೆರೆಯುವ ಹೊತ್ತಿಗೆ ಮಗು ತಿನ್ನುವುದು ಮುದ್ದೆ. ತಟ್ಟೆಯಲ್ಲಿ ಹರಡಿ ಹತ್ತು ನಿಮಿಷ ಆರಿಸಿ ತುಂಬಿ. ಡಬ್ಬಿಗೆ ಮೊಟ್ಟೆ, ಸಿಗಡಿ ಬೇಡ, ತರಕಾರಿ ಮಾತ್ರ ಇರಲಿ.

ಒಡೆದ ನೂಡಲ್ಸ್ ಪೊಟ್ಟಣವನ್ನು ಮಳೆಗಾಲದಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟರೆ ಸಾಲದು, ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ. ಕಬ್ಬಿಣದ ಬಾಣಲೆಯನ್ನು ಸೋಪು ಹಾಕದೆ ಬಿಸಿ ನೀರಿನಲ್ಲಿ ತಿಕ್ಕಿ ತೊಳೆದು, ಒಲೆಯ ಮೇಲಿಟ್ಟು ಒಣಗಿಸಿ, ನಾಲ್ಕು ಹನಿ ಎಣ್ಣೆ ಸವರಿ ಎತ್ತಿಡಿ. ಸಮುದ್ರದ ಉಪ್ಪುಗಾಳಿಗೆ ಒಂದೇ ರಾತ್ರಿಯಲ್ಲಿ ತುಕ್ಕು ಬರುತ್ತದೆ. ಬಂದಿದ್ದರೆ ಹೆದರಬೇಡಿ, ಕಲ್ಲುಪ್ಪು ಹಾಕಿ ಉಜ್ಜಿ ತೊಳೆದು ಮತ್ತೆ ಕಾಯಿಸಿ ಎಣ್ಣೆ ಸವರಿದರೆ ಸರಿಯಾಗುತ್ತದೆ.